ಜಗಲಿಯ ಎತ್ತರ

ತುಮಕೂರಿನ ಮಂಡಿಪೇಟೆಯಲ್ಲಿ ನನ್ನ ತಾತ 38 ವರ್ಷ ರೈಟರಾಗಿದ್ದ ಮಂಡಿಯ ಕಟ್ಟಡವನ್ನು ಕಳೆದ ವರ್ಷ ಕೆಡವಿದರು. ಅದಕ್ಕೆ ಮೊದಲು ಅದನ್ನು ಅಳೆದು ನಕ್ಷೆ ಬರೆದುಕೊಳ್ಳಬೇಕೆಂದು ನಾನು ಕೇಳಿಕೊಂಡಾಗ ಮಾಲೀಕರ ಮನೆಯವರು ಬೇಡವೆನ್ನಲಿಲ್ಲ. ಬೀಗದ ಕೈ ಕೊಟ್ಟು, 15 ದಿನದೊಳಗೆ ಕೆಲಸ ಮುಗಿಸಿಕೊಳ್ಳಿ ಎಂದರು. ಆ 15 ದಿನಗಳಲ್ಲಿ ಟೇಪು, ಟಾರ್ಚು ಮತ್ತು ಒಂದು ನೋಟ್‌ಬುಕ್ ಹಿಡಿದು ಆ ಕಟ್ಟಡದೊಳಗೆ ಕಂಡದ್ದನ್ನೂ, ಆಮೇಲೆ ಅದನ್ನು ಕೆಡವುತ್ತಿದ್ದಾಗ ಬೀದಿಯಲ್ಲಿ ನಿಂತು ಕಂಡದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಅರಮನೆಗೋ ದೇವಾಲಯಕ್ಕೋ ಚರಿತ್ರೆ ಬರೆಯುವವರಿದ್ದಾರೆ. ಹುಣಸೆಹಣ್ಣು, ಕೊಬ್ಬರಿ, ಕಡಲೆಕಾಯಿಗಳನ್ನು ತೂಗಿ ಕಳಿಸಿದ ಮಂಡಿಯೊಂದರ ಚರಿತ್ರೆಯನ್ನು ಅದರಲ್ಲಿ ದುಡಿದವರ ಮನೆಯವರೇ ಬರೆಯಬೇಕು.

ಎಲ್ಲಕ್ಕಿಂತ ಮೊದಲು ನನ್ನನ್ನು ಕಾಡಿದ್ದು ಜಗಲಿ. ತಾತ ತಮ್ಮ ಕೊನೆಯ ವರ್ಷಗಳಲ್ಲಿ ಮಂಡಿಯ ಮಾತು ಬಂದಾಗಲೆಲ್ಲ ಒಂದು ಸಂಗತಿಯನ್ನು ತಪ್ಪದೆ ಹೇಳುತ್ತಿದ್ದರು: "ಚೀಲವನ್ನ ಎತ್ತಬಾರದು, ಜಾರಿಸಬೇಕು. ಅದಕ್ಕೇ ನಮ್ಮ ಜಗಲಿ ಗಾಡಿಯಷ್ಟೇ ಎತ್ತರ ಇತ್ತು." ಎತ್ತುಗಳನ್ನು ಬಿಚ್ಚಿ, ಗಾಡಿಯನ್ನು ಹಿಂದುಹಿಂದಕ್ಕೆ ನೂಕಿ ಜಗಲಿಗೆ ತಾಗಿಸಿ, ಮೂಕಿಗೆ ಊರುಗೋಲು ಕೊಟ್ಟು ನಿಲ್ಲಿಸಿದರೆ, ಗಾಡಿಯ ಹಲಗೆಯೂ ಜಗಲಿಯ ಚಪ್ಪಡಿಯೂ ಒಂದೇ ಮಟ್ಟಕ್ಕೆ ಬಂದು, ತುಂಬಿದ ಚೀಲವನ್ನು ಇಬ್ಬರು ಹಮಾಲಿಗಳು ಕಿವಿ ಹಿಡಿದು ಎಳೆದುಕೊಂಡೇ ಒಳಗೆ ಒಯ್ಯಬಹುದಾಗಿತ್ತು ಎಂಬುದು ಅವರ ವಿವರಣೆ. ಆದರೆ ನಾನು ಬಲ್ಲ ಜಗಲಿ ಹಾಗಿರಲಿಲ್ಲ. ಬಾಲ್ಯದಲ್ಲಿ ಅದರ ಮೇಲೆ ಕುಳಿತರೆ ನನ್ನ ಪಾದಗಳು ನೆಲ ಮುಟ್ಟುತ್ತಿದ್ದವು. ಕಳೆದ ವರ್ಷ ಟೇಪು ಹಿಡಿದಾಗ ರಸ್ತೆಯಿಂದ ಅದರ ಅಂಚಿಗೆ ಸರಿಯಾಗಿ 13 ಇಂಚು ಬಂತು. 13 ಇಂಚಿನ ಎತ್ತರದಲ್ಲಿ ಯಾವ ಗಾಡಿಯೂ ಇರುವುದಿಲ್ಲ. ವಯಸ್ಸಾದವರ ನೆನಪಿನಲ್ಲಿ ಊರಿನ ಕೆರೆ, ಮನೆಯ ಬಾಗಿಲು, ಮಂಡಿಯ ಜಗಲಿ ಎಲ್ಲವೂ ಇದ್ದುದಕ್ಕಿಂತ ದೊಡ್ಡದಾಗಿ ಬೆಳೆಯುತ್ತವೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ.

ಮಂಡಿಪೇಟೆ ಮಂಡಿಪೇಟೆಯಾದದ್ದು ಏಕೆ ಎಂಬುದಕ್ಕೆ ಊರಿನ ಸುತ್ತಲಿನ ನೆಲವನ್ನು ನೋಡಿದರೆ ಸಾಕು. ತುಮಕೂರಿನ ಪಶ್ಚಿಮಕ್ಕೆ ಗುಬ್ಬಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗು ಅಡಿಕೆಯ ಸೀಮೆ. ಉತ್ತರಕ್ಕೆ ಸಿರಾ, ಮಧುಗಿರಿ, ಪಾವಗಡಗಳ ಕಡಲೆಕಾಯಿಯ ಒಣಭೂಮಿ. ಎಲ್ಲ ಕಡೆಯೂ ಹೊಲದ ಬದುಗಳಲ್ಲಿ, ರಸ್ತೆಯ ಇಕ್ಕೆಲಗಳಲ್ಲಿ ಹುಣಸೆಮರಗಳು. ಈ ಎರಡು ಸೀಮೆಗಳ ಬೆಳೆ ಬೆಂಗಳೂರಿನ ಕಡೆಗೆ ಇಳಿಯುವ ದಾರಿಯಲ್ಲಿ ಕೂಡುವ ಊರು ನಮ್ಮದು. 1876ರಿಂದ 1878ರವರೆಗಿನ ಭೀಕರ ಬರದಲ್ಲಿ ಧಾನ್ಯ ಸಾಗಿಸಲು ದಾರಿಯಿಲ್ಲದೆ ಮೈಸೂರು ಸೀಮೆಯ ಜನ ಸತ್ತದ್ದನ್ನು ಕಂಡ ಮೇಲೆ ರೈಲುಹಾದಿಯ ಕೆಲಸಕ್ಕೆ ವೇಗ ಬಂತು. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ಮೀಟರ್ ಗೇಜ್ ರೈಲು ಬಂದಿತು, 1889ರ ಹೊತ್ತಿಗೆ ಅದು ಹರಿಹರವನ್ನು ಮುಟ್ಟಿತು. ಗಾಡಿಯಲ್ಲಿ ಬಂದ ಸರಕು ರೈಲಿಗೆ ಏರುವ ಮೊದಲು ಎಲ್ಲೋ ಒಂದೆಡೆ ಇಳಿಯಬೇಕು, ತೂಗಬೇಕು, ಬೆಲೆ ಕಟ್ಟಿಸಿಕೊಳ್ಳಬೇಕು, ಒಂದೆರಡು ದಿನವೋ ಒಂದೆರಡು ತಿಂಗಳೋ ಕಾಯಬೇಕು. ಹಾಗೆ ಕಾಯುವುದಕ್ಕಾಗಿ ಕಟ್ಟಿದ ಕಟ್ಟಡಗಳೇ ಮಂಡಿಗಳು.

ನಮ್ಮ ಮಂಡಿಯ ಕಟ್ಟಡದ ವಯಸ್ಸು ಎಷ್ಟೆಂಬುದು ಬೀದಿಯಲ್ಲಿ ಹಳೆಯ ಚರ್ಚೆ. ಹಿಂಭಾಗದ ಕೊಟ್ಟಿಗೆಯ ಹೆಂಚುಗಳ ಮೇಲೆ 1865 ಎಂಬ ಅಂಕಿ ಮೂಡಿತ್ತಾದ್ದರಿಂದ ಅಕ್ಕಪಕ್ಕದವರೆಲ್ಲ ಕಟ್ಟಡವೂ 1865ರದೇ ಎಂದು ನಂಬಿದ್ದರು. ಇದು ಕರ್ನಾಟಕದ ಎಷ್ಟೋ ಊರುಗಳಲ್ಲಿ ಆಗಿರುವ ತಪ್ಪು. ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ತಮ್ಮ ಮೊದಲ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ್ದು 1865ರಲ್ಲಿ. ಆ ವರ್ಷವನ್ನು ಅವರು ಹೆಂಚಿನ ಮೇಲೆ ಮುದ್ರೆಯಾಗಿ ಒತ್ತುತ್ತಿದ್ದರು, ಕಾರ್ಖಾನೆಗಳು ಬೇರೆಯವರ ಕೈಗೆ ಹೋದ ಮೇಲೂ ಆ ಅಂಕಿ ಮುಂದುವರಿಯಿತು. ಅದು ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಹೆಂಚು ಬೆಂದ ವರ್ಷವಲ್ಲ, ಗೋಡೆ ಎದ್ದ ವರ್ಷವಂತೂ ಅಲ್ಲವೇ ಅಲ್ಲ.

ಸರಿಯಾದ ಸುಳಿವು ಸಿಕ್ಕಿದ್ದು ಮಾಲೀಕರ ಮನೆಯ ಟ್ರಂಕಿನಲ್ಲಿದ್ದ ಹಳೆಯ ಕ್ರಯಪತ್ರದಲ್ಲಿ. ಅದರ ಮೇಲ್ಭಾಗ ಗೆದ್ದಲಿಗೆ ಹೋಗಿತ್ತು. ಇಸವಿಯ ಸಾಲು ಉಳಿದಿರಲಿಲ್ಲ. ಉಳಿದ ಭಾಗದಲ್ಲಿ "ವಿರೋಧಿಕೃತ್ ನಾಮ ಸಂವತ್ಸರದ ಮಾರ್ಗಶಿರ" ಎಂದಿತ್ತು, ಅದರ ಕೆಳಗೆ ಚಕ್ಕುಬಂದಿ, ಅಂದರೆ ಆಸ್ತಿಯ ನಾಲ್ಕು ದಿಕ್ಕಿನ ಗಡಿಗಳ ವಿವರ, ಪೂರ್ತಿಯಾಗಿತ್ತು. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ವಿರೋಧಿಕೃತ್ ಬಂದದ್ದು 1851ರಲ್ಲಿ, 1911ರಲ್ಲಿ, 1971ರಲ್ಲಿ. 1971ರ ಹೊತ್ತಿಗೆ ತಾತ ಅಲ್ಲಿ ಕೆಲಸ ಮಾಡಿ ಮುಗಿಸಿದ್ದರಾದ್ದರಿಂದ ಅದನ್ನು ಬಿಡಬಹುದು. ಉಳಿದ ಎರಡರಲ್ಲಿ ಯಾವುದು ಎಂಬುದನ್ನು ಚಕ್ಕುಬಂದಿಯೇ ಹೇಳಿತು: ಪೂರ್ವಕ್ಕೆ ಬೇರೊಬ್ಬರ ಮಳಿಗೆ, ಪಶ್ಚಿಮಕ್ಕೆ ಪಾಲುಗೋಡೆ, ದಕ್ಷಿಣಕ್ಕೆ ಗಾಡಿ ಓಣಿ, ಉತ್ತರಕ್ಕೆ "ರೈಲ್ವೆ ಟೇಷನ್ನಿಗೆ ಹೋಗುವ ಸರ್ಕಾರಿ ರಸ್ತೆ". 1851ರಲ್ಲಿ ಈ ಊರಿಗೆ ರೈಲೇ ಇರಲಿಲ್ಲ. ಹಾಗಾಗಿ ಪತ್ರ 1911ರದ್ದು. ಅದರಲ್ಲಿ ಮಾರಾಟವಾದದ್ದು ಖಾಲಿ ನಿವೇಶನವಲ್ಲ, "ಹಾಲಿ ಇರುವ ಮಂಡಿ ಮಳಿಗೆ" ಎಂದೂ ಬರೆದಿದ್ದುದರಿಂದ, ಹಿಂಭಾಗದ ಕಲ್ಲಿನ ಕಟ್ಟಡ ಅದಕ್ಕೂ ಹಿಂದಿನದು. ನಮ್ಮಲ್ಲಿ ಆಸ್ತಿಯ ಗುರುತು ಹೇಳುವುದೇ ಅದರ ನಾಲ್ಕು ನೆರೆಗಳ ಮೂಲಕ. ಚಕ್ಕುಬಂದಿ ಓದಿದರೆ ಒಂದು ಕಟ್ಟಡದ ಜೊತೆಗೆ ಅಂದಿನ ಬೀದಿಯ ಒಂದು ತುಂಡೂ ಕಣ್ಣಿಗೆ ಬರುತ್ತದೆ.

ಮುಂಭಾಗ ಬೇರೆ ಕಾಲದ್ದು ಎಂಬುದನ್ನು ಅದರ ಮಾಳಿಗೆ ತೋರಿಸುತ್ತಿತ್ತು. ಹಿಂದೆ ಕಲ್ಲುಕಂಬ, ಬೋದಿಗೆ, ಅದರ ಮೇಲೆ ಚಪ್ಪಡಿ; ಮುಂದೆ ಕಬ್ಬಿಣದ ತೊಲೆಗಳನ್ನು ಸಾಲಾಗಿ ಹಾಯಿಸಿ, ಎರಡೆರಡು ತೊಲೆಗಳ ನಡುವೆ ಇಟ್ಟಿಗೆಯ ಚಿಕ್ಕ ಕಮಾನು ಕಟ್ಟಿ, ಮೇಲೆ ಗಾರೆ ತುಂಬಿದ ಮಾಳಿಗೆ. ತುಕ್ಕು ಉಜ್ಜಿದಾಗ ಒಂದು ತೊಲೆಯ ಮೇಲೆ ಡಾರ್ಮನ್ ಲಾಂಗ್ ಎಂಬ ಉಬ್ಬಕ್ಷರಗಳು ಕಂಡವು. ಇಂಗ್ಲೆಂಡಿನ ಮಿಡಲ್ಸ್‌ಬರೋದಲ್ಲಿ 1875ರಲ್ಲಿ ಹುಟ್ಟಿದ, ಮುಂದೆ 1932ರಲ್ಲಿ ಸಿಡ್ನಿ ಬಂದರಿನ ಸೇತುವೆಯನ್ನು ಕಟ್ಟಿ ಮುಗಿಸಿದ ಕಂಪನಿ ಅದು. ಅದೇ ಕಂಪನಿಯ ತೊಲೆಯೊಂದು ಹಡಗಿನಲ್ಲಿ ಬಂದು, ರೈಲಿನಲ್ಲಿ ಸಾಗಿ, ಕೊನೆಗೆ ಎತ್ತಿನ ಗಾಡಿಯಲ್ಲಿ ಮಂಡಿಪೇಟೆಯನ್ನು ತಲುಪಿ, ತಾತನ ಮೇಜಿನ ನೆತ್ತಿಯ ಮೇಲೆ ಅಷ್ಟು ಕಾಲ ಸುಮ್ಮನೆ ಮಲಗಿತ್ತು ಎಂಬುದನ್ನು ನೆನೆದಾಗ ನಾನು ಏಣಿಯ ಮೇಲೇ ಸ್ವಲ್ಪ ಹೊತ್ತು ನಿಂತುಬಿಟ್ಟೆ.

ಕಟ್ಟಡದ ಅಗಲ 26 ಅಡಿ, ಉದ್ದ 120 ಅಡಿ. ಬೀದಿಗೆ ಮುಖ ಸಿಕ್ಕುವುದೇ ದುಬಾರಿಯಾದ ಪೇಟೆಯಲ್ಲಿ ಎಲ್ಲರೂ ಹೀಗೆ ಕಿರಿದಾದ ಮುಖ ಇಟ್ಟುಕೊಂಡು ಹಿಂದಕ್ಕೆ ಬೆಳೆಯುತ್ತಿದ್ದರು. ಆದರೆ ಆ ಉದ್ದ ಬರಿಯ ಉದ್ದವಲ್ಲ, ಸರಕು ನಡೆದುಹೋಗುವ ದಾರಿ. ಜಗಲಿಯ ಮೇಲೆ ಇಳಿದ ಚೀಲ ಪಡಸಾಲೆಗೆ ಬರುತ್ತದೆ. ಅಲ್ಲಿ ಎಡಗಡೆ ಗದ್ದಿಗೆ, ಬಿಳಿ ಹಾಸು, ಸಾಹುಕಾರರು ಕೂರುವ ಜಾಗ, ಪಕ್ಕದಲ್ಲಿ ಇಳಿಜಾರು ಮೇಜಿನ ಮುಂದೆ ಕಿರ್ದಿ ಬರೆಯುವ ರೈಟರು. ಪಡಸಾಲೆ ದಾಟಿದರೆ ನಡುವೆ ತೊಟ್ಟಿ, ನೆತ್ತಿಯ ಮೇಲೆ ಆಕಾಶ. ತೊಟ್ಟಿಯ ಆಚೆ ಉಗ್ರಾಣ, ಅದರ ಮೇಲೆ ಅಟ್ಟ, ಅದರಾಚೆ ಬಾವಿ, ಎತ್ತು ಕಟ್ಟುವ ಕೊಟ್ಟಿಗೆ, ಕೊನೆಗೆ ಗಾಡಿ ಓಣಿಗೆ ತೆರೆಯುವ ಹಿಂಬಾಗಿಲು. ಮುಂದಿನ ಬಾಗಿಲಲ್ಲಿ ರೈತನ ಗಾಡಿಯಿಂದ ಇಳಿದ ಸರಕು ಹಿಂದಿನ ಬಾಗಿಲಲ್ಲಿ ಖರೀದಿದಾರನ ಗಾಡಿಗೆ ಏರುತ್ತಿತ್ತು. ಎರಡು ಗಾಡಿಗಳು ಎದುರುಬದುರಾಗಿ ಸಿಕ್ಕಿಹಾಕಿಕೊಳ್ಳುವ ಪ್ರಸಂಗವೇ ಬಾರದಂತೆ ಯೋಚಿಸಿ ಕಟ್ಟಿದ್ದರು.

ತೊಟ್ಟಿ ಗಾಳಿ ಬೆಳಕಿಗೆ ಎಂದು ನಾನು ತಿಳಿದಿದ್ದೆ. ಅದು ವ್ಯಾಪಾರದ ಕಣ್ಣು ಎಂಬುದು ಹಿರಿಯ ಹಮಾಲಿಯೊಬ್ಬರ ಮಾತಿನಿಂದ ತಿಳಿಯಿತು. ಹುಣಸೆಹಣ್ಣಿನ ಬೆಲೆ ಅದರ ಬಣ್ಣದ ಮೇಲೆ ನಿಲ್ಲುತ್ತದೆ: ಹೊಸ ಹಣ್ಣು ಕೆಂಪು, ಹಳತಾದಂತೆ ಕಪ್ಪು, ನಾರು ಬೀಜ ಬಿಡಿಸಿದ ಹೂ ಹುಣಸೆಗೆ ಒಂದು ದರ, ಬೀಜ ಸಮೇತದ್ದಕ್ಕೆ ಇನ್ನೊಂದು. ದೀಪದ ಬೆಳಕಿನಲ್ಲಿ ಕಪ್ಪು ಹಣ್ಣೂ ಕೆಂಪಾಗಿ ಕಾಣಬಲ್ಲದು. ಆದ್ದರಿಂದ ಚೀಲ ಬಿಚ್ಚುವುದು ತೊಟ್ಟಿಯಲ್ಲೇ, ಅದೂ ಹಗಲಲ್ಲೇ. ಕೊಬ್ಬರಿಗೂ ಅಷ್ಟೇ, ಗಿಟುಕನ್ನು ಒಡೆದು ಒಳಗಿನ ಬಿಳುಪನ್ನು ಆಕಾಶಕ್ಕೆ ತೋರಿಸಿ ನೋಡಬೇಕು. ಸಂಜೆ ಬಂದ ರೈತ ಬೆಳಗಾಗುವವರೆಗೆ ಕಾಯಬೇಕಾಗುತ್ತಿತ್ತು. ಪಾವಗಡದಿಂದ ಇಲ್ಲಿಗೆ ಸುಮಾರು 100 ಕಿಲೋಮೀಟರ್. ತುಂಬಿದ ಗಾಡಿಗೆ ಅದು ಮೂರು ನಾಲ್ಕು ದಿನದ ದಾರಿ. ಹಾಗೆ ಬಂದವರು ಮಲಗುತ್ತಿದ್ದುದು ಜಗಲಿಯ ಮೇಲೆ. ಜಗಲಿಯ ಒಳಗೋಡೆಯಲ್ಲಿದ್ದ ಸಾಲು ಗೂಡುಗಳು ದೀಪಕ್ಕಾಗಿ ಎಂದು ಮೊದಲು ಅಂದುಕೊಂಡಿದ್ದೆ. ಎರಡರಲ್ಲಷ್ಟೇ ಮಸಿಯ ಗುರುತಿತ್ತು. ಉಳಿದವು ರೈತರು ಬುತ್ತಿ ಗಂಟನ್ನು ನಾಯಿಗೆ ಸಿಗದಂತೆ ಇಡುವುದಕ್ಕೆ ಎಂದು ಅದೇ ಹಿರಿಯರು ಹೇಳಿದರು.

ಉಗ್ರಾಣದ ಗೋಡೆಗಳು ಎರಡು ಬಗೆ. ನೆಲದಿಂದ ಎದೆಯ ಮಟ್ಟದವರೆಗೆ ಸೈಜುಗಲ್ಲು, ಅದರ ಮೇಲೆ ಇಟ್ಟಿಗೆ ಮತ್ತು ಗಾರೆ. ಇದಕ್ಕೆ ಕಾರಣ ಹುಣಸೆಹಣ್ಣು. ಕೆಡದಿರಲೆಂದು ಉಪ್ಪು ಬೆರೆಸಿ ತುಳಿದು ತುಂಬಿದ ಹುಣಸೆ ಮಳೆಗಾಲದ ಗಾಳಿಯ ಪಸೆಯನ್ನೆಲ್ಲ ಎಳೆದುಕೊಂಡು ನೀರು ಬಿಡುತ್ತದೆ. ಆ ನೀರಿನ ಹುಳಿ ಸುಣ್ಣವನ್ನು ತಿನ್ನುತ್ತದೆ, ಅದರ ಉಪ್ಪು ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಕಟ್ಟಿದವರಿಗೆ ಇದರ ಅನುಭವ ಇತ್ತು. ಚೀಲದ ರಾಶಿ ಮುಟ್ಟುವಷ್ಟು ಎತ್ತರಕ್ಕೆ ಕಲ್ಲು ಇಟ್ಟು, ಅದಕ್ಕಿಂತ ಮೇಲೆ ಮಾತ್ರ ಗಾರೆ ಮುಟ್ಟಿದ್ದರು. ಕೊಬ್ಬರಿಗೆ ಬೇಕಾದದ್ದು ಒಣಗಾಳಿ. ಅದಕ್ಕಾಗಿ ಅಟ್ಟದ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿದ್ದರು. ಕೊಬ್ಬರಿ ಆ ಅಟ್ಟವನ್ನು ಬಿಟ್ಟು ಎಷ್ಟೋ ವರ್ಷ ಕಳೆದಿದ್ದರೂ ನಾನು ಹಲಗೆಗೆ ಮೂಗು ಹಚ್ಚಿದಾಗ ಎಣ್ಣೆಯ ಆ ಸಿಹಿ ಮುಗ್ಗಲು ವಾಸನೆ ಇನ್ನೂ ಇತ್ತು.

ಪಡಸಾಲೆಯಿಂದ ತೊಟ್ಟಿಗೆ ಇಳಿಯುವಲ್ಲಿ ಮರದ ಒಂದು ದೊಡ್ಡ ತೊಲೆ ಇತ್ತು, ಅದರ ನಡುವೆ ಕಬ್ಬಿಣದ ಕೊಂಡಿ. ತಕ್ಕಡಿಯನ್ನು ತೂಗುಹಾಕುತ್ತಿದ್ದುದು ಅದಕ್ಕೇ. ಕೊಂಡಿ ಉಜ್ಜಿ ಉಜ್ಜಿ ಅದರ ಒಳಮೈ ಅರ್ಧದಷ್ಟು ಸವೆದಿತ್ತು. ತೊಲೆ ಕಣ್ಣಿಗೆ ಕಾಣುವಷ್ಟು ಬಾಗಿತ್ತು. ಅದರ ಪಕ್ಕದ ಗೋಡೆಯ ಸುಣ್ಣದ ಪದರಗಳನ್ನು ಹೆರೆದಾಗ ನನಗೆ ಸಿಕ್ಕಿದ್ದು ಈ 15 ದಿನಗಳಲ್ಲೇ ಬೆಲೆಬಾಳುವ ವಸ್ತು: ಕಪ್ಪು ಬಣ್ಣದಲ್ಲಿ, ತಾತನ ಕೈಬರಹದಲ್ಲಿ, ಒಂದು ಲೆಕ್ಕದ ಪಟ್ಟಿ. ಎಡಕ್ಕೆ ಸೇರು ಮತ್ತು ಮಣ, ಬಲಕ್ಕೆ ಕಿಲೋ ಮತ್ತು ಗ್ರಾಂ. ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ, 40 ಸೇರಿಗೆ ಒಂದು ಮಣ, ತೊಲಕ್ಕೆ 11.66 ಗ್ರಾಮಿನಂತೆ ಸೇರು 280 ಗ್ರಾಂ, ಮಣ 11 ಕಿಲೋ 200 ಗ್ರಾಂ ಎಂದು ತಾತ ಅಖೈರು ಮಾಡಿ ಬರೆದಿದ್ದರು. ಅದರ ಕೆಳಗೆ ಆಣೆಗಳು: ಒಂದಾಣೆಗೆ 6 ನಯಾಪೈಸೆ, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25.

ಆ ಪಟ್ಟಿಯ ಹಿಂದೆ ಎಂಥ ಗಲಿಬಿಲಿಯ ಕಾಲವಿತ್ತೆಂಬುದನ್ನು ಈಗ ಊಹಿಸುವುದು ಕಷ್ಟ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 16 ಆಣೆಯ ಬದಲು 100 ನಯಾಪೈಸೆಯಾಯಿತು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಸೇರು ಮಣಗಳು ಹೋಗಿ ಕಿಲೋ ಬಂತು. ಒಂದೂವರೆ ವರ್ಷದೊಳಗೆ ಹಣವೂ ತೂಕವೂ ಎರಡೂ ಬದಲಾದವು. ಒಂದಾಣೆ ಎಂದರೆ ಆರೂಕಾಲು ಪೈಸೆ. ಆ ಕಾಲು ಪೈಸೆ ಯಾರ ಪಾಲಿಗೆ ಎಂಬುದು ಪ್ರತಿ ಚೀಲದ ಮೇಲೂ ಏಳುತ್ತಿದ್ದ ಜಗಳ. ರೈತನಿಗೆ ತನ್ನ ಮಣ ಗೊತ್ತು, ಸರ್ಕಾರದ ಕಿಲೋ ಗೊತ್ತಿಲ್ಲ. ನಂಬಿಕೆ ಬರಲಿ ಎಂದೇ ತಾತ ಪಟ್ಟಿಯನ್ನು ಪುಸ್ತಕದಲ್ಲಿ ಬರೆಯದೆ, ತಕ್ಕಡಿಯ ಪಕ್ಕದ ಗೋಡೆಯ ಮೇಲೆ ಎಲ್ಲರೂ ಓದುವಂತೆ ಬರೆದಿರಬೇಕು. ಓದು ಬಾರದವರಿಗೆ ಓದಿ ಹೇಳುತ್ತಿದ್ದರು ಎಂದು ಅಪ್ಪ ಹೇಳಿದ್ದು ನನಗೆ ನೆನಪಿದೆ. ಆ ಗೋಡೆಯ ತುಂಡನ್ನು ಹಾಗೆಯೇ ಬಿಡಿಸಿಕೊಳ್ಳಲು ನಾನು ಪಟ್ಟ ಪ್ರಯತ್ನ ಫಲಿಸಲಿಲ್ಲ. ಗಾರೆ ಕೈಯಲ್ಲೇ ಹುಡಿಯಾಯಿತು. ಫೋಟೋ ಮಾತ್ರ ಉಳಿದಿದೆ.

ಆ ಕಾಲವನ್ನು ಬರೀ ಚಿನ್ನದ ಕಾಲವೆಂದು ನಾನು ಹೇಳಲಾರೆ. ಟವೆಲಿನಡಿಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಪದ್ಧತಿಯಲ್ಲಿ ದಲ್ಲಾಳಿಗೂ ಖರೀದಿದಾರನಿಗೂ ತಿಳಿದ ದರ ಸರಕಿನ ಒಡೆಯನಿಗೇ ತಿಳಿಯುತ್ತಿರಲಿಲ್ಲ. ಮಾರಾಟದ ಲೆಕ್ಕದ ಪಟ್ಟಿ ಕೈಗೆ ಬಂದಾಗ ಕಮಿಷನ್, ಹಮಾಲಿ, ಮಾದರಿಗೆ ತೆಗೆದದ್ದು, ಧರ್ಮಾದಾಯ ಎಂದು ಕಳೆದು ಕಳೆದು ಉಳಿದದ್ದನ್ನು ರೈತ ಎಣಿಸಿಕೊಳ್ಳಬೇಕಿತ್ತು; ಮುಂಗಡ ಪಡೆದಿದ್ದವನಿಗೆ ಎಣಿಸಿಕೊಳ್ಳುವುದಕ್ಕೂ ಏನೂ ಉಳಿಯುತ್ತಿರಲಿಲ್ಲ. ಆ ಲೆಕ್ಕಗಳನ್ನು ಬರೆದವರು ನನ್ನ ತಾತನೇ. ಅದನ್ನು ಮರೆತು ಈ ಕಟ್ಟಡವನ್ನು ಹೊಗಳುವುದು ನ್ಯಾಯವಲ್ಲ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂದದ್ದು ಇದನ್ನೆಲ್ಲ ಸರಿಪಡಿಸಲು: ಅಧಿಸೂಚಿತ ಬೆಳೆಯ ಮಾರಾಟ ಮಾರುಕಟ್ಟೆಯ ಪ್ರಾಂಗಣದಲ್ಲೇ, ಬಹಿರಂಗವಾಗಿ, ಲೈಸೆನ್ಸ್ ಪಡೆದವರ ಮೂಲಕವೇ ನಡೆಯಬೇಕೆಂಬ ನಿಯಮ. ಬಟವಾಡಿಯ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಲಾರಿಗಳು ಸರಾಗವಾಗಿ ತಿರುಗುವಷ್ಟು ಜಾಗವಿದೆ. ಇವತ್ತಿಗೂ ಬೇಸಿಗೆಯಲ್ಲಿ ಅಲ್ಲಿಗೆ ಬರುವ ಹುಣಸೆಯ ರಾಶಿಗಳನ್ನು ನೋಡಿದರೆ ಅದನ್ನು ಮಂಡಿಪೇಟೆಯ ಓಣಿಗಳಲ್ಲಿ ಇಳಿಸುವುದು ಸಾಧ್ಯವೇ ಇಲ್ಲವೆಂದು ಗೊತ್ತಾಗುತ್ತದೆ. ನಮ್ಮ ಮಂಡಿಯೂ ಅಲ್ಲಿಗೆ ಹೋಯಿತು. ಹೋಗಬೇಕಾದದ್ದೇ.

ಆದರೆ ಸರಕಿಗಾಗಿಯೇ ಕಟ್ಟಿದ ಕಟ್ಟಡದಿಂದ ಸರಕು ಹೊರಟುಹೋದ ಮೇಲೆ ಅದರ ಒಂದೊಂದು ಅಂಗವೂ ಅರ್ಥ ಕಳೆದುಕೊಂಡಿತು. ನೋಡುವುದಕ್ಕೆ ಹಣ್ಣಿಲ್ಲದಿದ್ದರೆ ತೊಟ್ಟಿ ಬರೀ ಮಳೆನೀರು ಬೀಳುವ ಜಾಗ. ಎಳೆಯುವುದಕ್ಕೆ ಚೀಲವಿಲ್ಲದಿದ್ದರೆ ಜಗಲಿ ಗಿರಾಕಿ ಎಡವುವ ಮೆಟ್ಟಿಲು. ಮಾಲೀಕರು ಮುಂಭಾಗವನ್ನು ಅಡ್ಡಗೋಡೆಯಿಂದ ಸೀಳಿ ಮಳಿಗೆಗಳನ್ನು ಮಾಡಿದರು. ಅವುಗಳಲ್ಲಿ ಒಂದನ್ನು ನನ್ನ ಅಪ್ಪ ಬಾಡಿಗೆಗೆ ಹಿಡಿದು ಹಗ್ಗ, ಹುರಿ, ಗೋಣಿಚೀಲಗಳ ಅಂಗಡಿ ಇಟ್ಟರು. ಸಾಲಾಗಿ ಕೂಡಿಸುವ ಹಲಗೆಬಾಗಿಲು ಆ ಅಂಗಡಿಯದು. ಹಲಗೆಗಳ ಮೇಲೆ ೧ರಿಂದ ೧೪ರವರೆಗೆ ಕನ್ನಡ ಅಂಕಿ ಕೆತ್ತಿದ್ದರು. ನಾನು ಅಂಕಿ ಕಲಿತದ್ದು ರಾತ್ರಿ ಅಪ್ಪನಿಗೆ ಆ ಹಲಗೆಗಳನ್ನು ಒಂದೊಂದಾಗಿ ಎತ್ತಿಕೊಡುತ್ತಾ.

ಬಾಡಿಗೆ ಬಹಳ ಕಡಿಮೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲ ಅದು. ಬಾಡಿಗೆ ಏರಿಸುವುದೂ ಬಾಡಿಗೆದಾರನನ್ನು ಬಿಡಿಸುವುದೂ ಮಾಲೀಕನಿಗೆ ಸುಲಭವಿರಲಿಲ್ಲ. ಅಪ್ಪನಂಥ ಸಣ್ಣ ವ್ಯಾಪಾರಿ ಪೇಟೆಯ ನಡುವೆ ಬದುಕಿದ್ದು ಆ ರಕ್ಷಣೆಯಿಂದ. ಅದೇ ಕಾರಣಕ್ಕೆ ಮಾಳಿಗೆ ಸೋರಿದಾಗ ಅದನ್ನು ಯಾರೂ ರಿಪೇರಿ ಮಾಡಿಸಲಿಲ್ಲ: ಬರುವ ಬಾಡಿಗೆಯಿಂದ ಒಂದು ಮಳೆಗಾಲದ ಗಾರೆ ಕೆಲಸದ ಕೂಲಿಯೂ ಹುಟ್ಟುವುದಿಲ್ಲ ಎಂಬ ಮಾಲೀಕರ ಮಾತಿನಲ್ಲಿ ಸುಳ್ಳಿರಲಿಲ್ಲ, ನನ್ನದಲ್ಲದ ಕಟ್ಟಡಕ್ಕೆ ನಾನೇಕೆ ಹಣ ಸುರಿಯಲಿ ಎಂಬ ಅಪ್ಪನ ಮಾತಿನಲ್ಲೂ ತಪ್ಪಿರಲಿಲ್ಲ. ಇಬ್ಬರ ಸತ್ಯಗಳ ನಡುವೆ ನೀರು ತೊಲೆಗೆ ಇಳಿಯಿತು. ಹೊಸ ಬಾಡಿಗೆ ಕಾಯ್ದೆ 1999ರಲ್ಲಿ ಆಗಿ, 2001ರ ಡಿಸೆಂಬರ್ 31ರಂದು ಜಾರಿಗೆ ಬಂದಾಗ ವಾಣಿಜ್ಯ ಮಳಿಗೆಗಳಲ್ಲಿ 14 ಚದರ ಮೀಟರಿಗೆ ಮೀರದವುಗಳಿಗೆ ಮಾತ್ರ ಅದರ ರಕ್ಷಣೆ ಉಳಿಯಿತು. ಅಪ್ಪನ ಅಂಗಡಿ 12 ಅಡಿಗೆ 13 ಅಡಿ; ಲೆಕ್ಕ ಹಾಕಿದರೆ ಹದಿನಾಲ್ಕೂವರೆ ಚದರ ಮೀಟರ್. ಕೋರ್ಟಿಗೆ ಹೋಗುವ ಮನಸ್ಸು ಅಪ್ಪನಿಗೆ ಇರಲಿಲ್ಲ. ಮಾತುಕತೆಯಲ್ಲಿ ಒಪ್ಪಂದ ಮಾಡಿಕೊಂಡು, ಹಲಗೆಗಳನ್ನು ಕೊನೆಯ ಸಲ ಕ್ರಮವಾಗಿ ಕೂಡಿಸಿ, ಬೀಗ ಹಾಕಿ, ಕೈ ಒಪ್ಪಿಸಿ ಮನೆಗೆ ಬಂದರು. ಮುಂದಿನ ವಾರ ಅಲ್ಲಿ ಕಬ್ಬಿಣದ ಷಟರ್ ಬಂತು.

ಕಟ್ಟಡವನ್ನು ನಿಜವಾಗಿ ಕೊಂದದ್ದು ಅದನ್ನು ಉಳಿಸಲು ಮಾಡಿದ ಒಂದು ಕೆಲಸ. ಗಾರೆ ಉದುರುತ್ತಿದೆಯೆಂದು ಯಾವಾಗಲೋ ಗೋಡೆಗಳಿಗೆ ಒಳಗೂ ಹೊರಗೂ ಸಿಮೆಂಟ್ ಬಳಿದಿದ್ದರು. ನಮ್ಮ ಜಿಲ್ಲೆಯ ಅಮ್ಮಸಂದ್ರದಲ್ಲೇ ಸಿಮೆಂಟ್ ಕಾರ್ಖಾನೆ ಇದ್ದಾಗ ಸುಣ್ಣ ಅರೆಯುವ ಗಾಣಕ್ಕೆ ಯಾರು ಹೋಗುತ್ತಾರೆ? ನನ್ನ ಜೊತೆ ಬಂದಿದ್ದ, 70 ದಾಟಿದ ಗಾರೆ ಮೇಸ್ತ್ರಿಯೊಬ್ಬರು ಸಿಮೆಂಟಿನ ಒಂದು ಹೊಪ್ಪಳೆಯನ್ನು ಉಳಿಯಿಂದ ಎಬ್ಬಿಸಿ, ಅದರ ಹಿಂದಿನ ಒದ್ದೆ ಪುಡಿಯನ್ನು ಬೆರಳಿಂದ ಕೆದಕಿ, "ಗಾರೆ ಬೆವರುತ್ತೆ ಸ್ವಾಮಿ, ಸಿಮೆಂಟು ಬೆವರಲ್ಲ. ಒಳಗಿನ ನೀರು ಎಲ್ಲಿಗೆ ಹೋಗಬೇಕು?" ಎಂದರು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ನೀರು ಹಾಕಿ ಅರಳಿಸಿ, ಬೆಲ್ಲದ ನೀರು ಅಳಲೆಕಾಯಿ ನೀರು ಸೇರಿಸಿ ಅರೆದು ಗೋಡೆಗೆ ಕೊಟ್ಟ ಮೇಲೆ ಅದೇ ಅನಿಲವನ್ನು ಗಾಳಿಯಿಂದ ಮರಳಿ ಹೀರಿಕೊಂಡು ವರ್ಷಗಟ್ಟಲೆ ಕಲ್ಲಾಗುತ್ತ ಹೋಗುತ್ತದೆ. ಆ ಗೋಡೆಗೆ ನೆಲದಿಂದ ನೀರು ಏರುವುದೂ, ಬಿಸಿಲಿಗೆ ಹೊರಮೈಯಿಂದ ಆರಿಹೋಗುವುದೂ ಸಹಜ. ಸಿಮೆಂಟಿನ ಹೊದಿಕೆ ಆರುವ ದಾರಿಯನ್ನು ಮುಚ್ಚಿತು. ಹುಣಸೆ ಹೋಗಿ ಅಷ್ಟು ವರ್ಷವಾದ ಮೇಲೂ ಗೋಡೆಯೊಳಗೆ ಉಳಿದಿದ್ದ ಉಪ್ಪು ಆ ನೀರಿನಲ್ಲಿ ಕರಗಿ ಮೇಲೇರಿ, ಸೈಜುಗಲ್ಲಿನ ಸಾಲನ್ನು ದಾಟಿ ಇಟ್ಟಿಗೆಯನ್ನು ತಲುಪಿತ್ತು.

ಪಾಲಾದಾಗ ಮಾಲೀಕರ ಮನೆಯ ಅಣ್ಣತಮ್ಮಂದಿರು ಕಟ್ಟಡವನ್ನು ಉದ್ದಕ್ಕೆ ಸೀಳಿಕೊಂಡಿದ್ದರು. ವಿಭಾಗಪತ್ರದಲ್ಲಿ "ತಕ್ಕಡಿ ತೊಲೆಯ ನಡುಮಧ್ಯದಿಂದ" ಎಂದು ಬರೆದಿದ್ದರಿಂದ ಗೋಡೆ ಸರಿಯಾಗಿ ಆ ಕೊಂಡಿಯ ಕೆಳಗಿನಿಂದಲೇ ಎದ್ದು ತೊಟ್ಟಿಯನ್ನು ಎರಡು ಮಾಡಿತ್ತು. ಬೆಳಕು ಎರಡೂ ಕಡೆಗೆ ಇಲ್ಲವಾಯಿತು.

ಅಳತೆಯ ಕೆಲಸ ಮುಗಿದ ಕೆಲವು ದಿನಗಳಿಗೆ ಶಿವರಾತ್ರಿಯ ಹೊತ್ತಿನ ಸಿದ್ಧಗಂಗೆಯ ದನಗಳ ಜಾತ್ರೆ ನಡೆಯಿತು. ಈಗ ಗಾಡಿಗಳಿಗೆಲ್ಲ ಟೈರು. ಆದರೂ ಮರದ ಚಕ್ರದ ಮೂರು ಹಳೆಯ ಗಾಡಿಗಳು ಕಂಡವು. ಒಡೆಯರ ಅಪ್ಪಣೆ ಪಡೆದು ನೆಲದಿಂದ ಹಲಗೆಯ ಎತ್ತರ ಅಳೆದೆ: 33 ಇಂಚು, 34½ ಇಂಚು, 36 ಇಂಚು. ನೋಟ್‌ಬುಕ್ಕಿನಲ್ಲಿ ಆ ಮೂರು ಅಂಕಿಗಳ ಪಕ್ಕದಲ್ಲಿ ನಮ್ಮ ಜಗಲಿಯ 13 ಎಂದು ಬರೆದು, ತಾತನ ಮಾತಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಕೆಡವುವ ಕೆಲಸ ಒಂಬತ್ತು ದಿನ ನಡೆಯಿತು. ಪಶ್ಚಿಮದ್ದು ಪಾಲುಗೋಡೆಯಾದ್ದರಿಂದ ಅದನ್ನು ಮುಟ್ಟುವಂತಿರಲಿಲ್ಲ. ಪಕ್ಕದ ಮಂಡಿಯ ತೊಲೆಗಳೂ ಅದರ ಮೇಲೆಯೇ ಕೂತಿದ್ದವು. ಉಳಿದದ್ದೆಲ್ಲ ಬಿದ್ದ ಮೇಲೆ ಆ ಗೋಡೆಯ ಮೇಲೆ ನಮ್ಮ ಅಟ್ಟದ ಸಾಲು ಗುಂಡಿಗಳೂ, ಉಗ್ರಾಣದ ಕಲ್ಲಿನ ಗೆರೆಯೂ, ಪಡಸಾಲೆಯ ಕಮಾನಿನ ಬಾಗೂ ಒಂದರ ಪಕ್ಕ ಒಂದು ಕಾಣುತ್ತಿದ್ದವು. ಕಲ್ಲುಕಂಬಗಳನ್ನು ಯಾರೋ ತೋಟದ ಮನೆಗೆಂದು ಕೊಂಡರು. ಕಬ್ಬಿಣ ಗುಜರಿಗೆ ಹೋಯಿತು.

ಕೊನೆಯ ದಿನ ಜೆಸಿಬಿ ಹೊಸ ಪಾಯಕ್ಕಾಗಿ ಜಗಲಿಯ ಮುಂದೆ ಅಗೆಯತೊಡಗಿತು. ಮೊದಲು ಕಾಂಕ್ರೀಟು ಎದ್ದಿತು, ಅದರ ಕೆಳಗೆ ಡಾಂಬರು, ಅದರ ಕೆಳಗೆ ಜಲ್ಲಿ, ಮತ್ತೆ ಡಾಂಬರು, ಮತ್ತೆ ಜಲ್ಲಿ. ನಾನು ಏಳು ಪದರಗಳನ್ನು ಎಣಿಸಿದೆ. ಪ್ರತಿ ಸಲ ರಸ್ತೆ ಮಾಡಿದಾಗಲೂ ಹಳೆಯದನ್ನು ಅಗೆಯದೆ ಅದರ ಮೇಲೇ ಹೊಸತನ್ನು ಸುರಿದಿದ್ದರು. ಕೊನೆಗೆ ಗಟ್ಟಿಯಾಗಿ ತುಳಿದ ಕೆಂಪು ಗರಸು ಬಂತು. ಜಗಲಿ ಮಾತ್ರ ಇನ್ನೂ ಕೆಳಕ್ಕೆ ಇಳಿದಿತ್ತು: ನಾನು ಎಂದೂ ಕಾಣದ ಎರಡು ವರಸೆ ಸೈಜುಗಲ್ಲು, ಉಳಿಯ ಏಟಿನ ಗುರುತು ಮಾಸದೆ, ನಿನ್ನೆ ಕೂಡಿಸಿದಂತೆ. ಮೂಲೆಯ ಕಲ್ಲಿನಲ್ಲಿ ಗಾಡಿಚಕ್ರದ ನಡುವಿನ ಗುಂಬ ಉಜ್ಜಿ ಆದ ಬಾಗಿದ ಗೀರುಗಳು ಒಂದರ ಮೇಲೊಂದು ಬಿದ್ದಿದ್ದವು. ಚಾಲಕನಿಗೆ ಕೈ ಎತ್ತಿ ನಿಲ್ಲಿಸುವಂತೆ ಹೇಳಿ ಗುಂಡಿಗೆ ಇಳಿದು ಗರಸಿನ ಮೇಲೆ ಟೇಪಿನ ತುದಿಯನ್ನು ಊರಿ ಚಪ್ಪಡಿಯ ಅಂಚಿಗೆ ಎಳೆದೆ. 34 ಇಂಚು.

ಆ ಹಿರಿಯ ಹಮಾಲಿಯವರು ಬೀದಿಯ ಆ ಬದಿಯಿಂದ ನೋಡುತ್ತಿದ್ದವರು ನಿಧಾನವಾಗಿ ಇಳಿದು ಬಂದರು. ಏನೂ ಹೇಳಲಿಲ್ಲ. ಜಗಲಿಗೆ ಬೆನ್ನು ಕೊಟ್ಟು ನಿಂತು, ಎರಡೂ ಕೈಗಳನ್ನು ಹಿಂದಕ್ಕೆ ಚಾಚಿ, ಚೀಲದ ಕಿವಿ ಹುಡುಕುವವರಂತೆ ಚಪ್ಪಡಿಯ ಮೇಲೆ ಅಂಗೈ ಸವರಿದರು. ಅಂಚು ಅವರ ಸೊಂಟಕ್ಕೆ ಸರಿಯಾಗಿ ಬಂದಿತ್ತು. ಮಧ್ಯಾಹ್ನ ಊಟವಾದ ಮೇಲೆ ಜೆಸಿಬಿ ಮತ್ತೆ ಶುರುವಾಯಿತು, ಮೂರು ಗಂಟೆಯ ಹೊತ್ತಿಗೆ ಆ ಎರಡು ವರಸೆ ಕಲ್ಲುಗಳನ್ನೂ ತೆಗೆದು ಲಾರಿಗೆ ತುಂಬಿದರು.